ಚದುರಂಗದ ಕಣ: ಕದನವೋ, ಕರಾರೋ?

ಆನೆ, ಕುದುರೆ, ರಥ, ಕಾಲಾಳು—ಈ ನಾಲ್ಕು ಅಂಗಗಳು ಕೂಡಿದರೆ ಸೇನೆ. ಆ ಸೇನೆಗೆ ನಮ್ಮ ಪೂರ್ವಿಕರು ಕೊಟ್ಟ ಹೆಸರು ಚತುರಂಗ. ಆ ಹೆಸರೇ ಒಂದು ಆಟಕ್ಕೂ ಬಂದಿತು. ಕನ್ನಡಿಗರ ನಾಲಗೆಯಲ್ಲಿ ಹೊರಳಿ ಚದುರಂಗವೆಂದು ಮೃದುವಾಯಿತು. ಹೆಸರು ಮೃದುವಾದರೂ ಆಟದ ಪರಿಭಾಷೆ ಮಾತ್ರ ಇಂದಿಗೂ ರಣರಂಗದ್ದೇ. ಆಡುವವನು ಹೊಡೆಯುತ್ತಾನೆ, ಕಡಿಯುತ್ತಾನೆ, ಮುತ್ತಿಗೆ ಹಾಕುತ್ತಾನೆ. ಒಂದು ಕಾಲಾಳನ್ನು ಬಲಿಕೊಟ್ಟು ಎದುರಾಳಿಯ ಮಂತ್ರಿಯನ್ನು ಸೆರೆಹಿಡಿಯುತ್ತಾನೆ. ಹೊರಗಿನಿಂದ ಬಂದವನೊಬ್ಬನು ಕಣ್ಣು ಮುಚ್ಚಿಕೊಂಡು ಈ ಮಾತುಗಳನ್ನಷ್ಟೇ ಕೇಳಿದರೆ, ತಾನು ಯಾವುದೋ ಪಾಳೆಯದ ಮಗ್ಗುಲಲ್ಲಿ ನಿಂತಿರುವೆನೆಂದು ಭ್ರಮಿಸಿಯಾನು. ಕಣ್ಣು ತೆರೆದರೆ ಕಾಣುವುದು ಗದ್ದಕ್ಕೆ ಕೈಯಾನಿಸಿ ಕುಳಿತ ಇಬ್ಬರು ಸಾಧು ಮನುಷ್ಯರು!

ಏಳನೆಯ ಶತಮಾನದಲ್ಲಿ ಬಾಣಭಟ್ಟನು ತನ್ನ ಹರ್ಷಚರಿತದಲ್ಲಿ ದೊರೆಯ ಆಳಿಕೆಯ ನೆಮ್ಮದಿಯನ್ನು ವರ್ಣಿಸುತ್ತ ಒಂದು ಶ್ಲೇಷೆಯನ್ನು ಕಟ್ಟಿದ್ದಾನೆ. ಆ ರಾಜ್ಯದಲ್ಲಿ ಚತುರಂಗದ ವಿನ್ಯಾಸವನ್ನು ಕಲಿಯಬೇಕೆಂಬವನಿಗೆ ಎಂಟೆಂಟು ಮನೆಗಳ ಅಷ್ಟಾಪದವೊಂದೇ ಗತಿ, ಬೇರೆಲ್ಲಿಯೂ ಅದು ಕಾಣಸಿಗದು ಎಂಬುದು ಅದರ ಭಾವ. ಯುದ್ಧವು ನೆಲವನ್ನು ಬಿಟ್ಟು ಹಲಗೆಯನ್ನೇರಿತೆಂಬುದೇ ದೊರೆಗೆ ಸಂದ ಹೊಗಳಿಕೆ. ಆಸ್ಥಾನಕವಿಯ ಅತಿಶಯೋಕ್ತಿಯನ್ನು ಕಳೆದರೂ ಈ ಮಾತಿನಲ್ಲಿ ಉಳಿಯುವ ಸತ್ಯ ದೊಡ್ಡದು. ಹಲಗೆಯ ಮೇಲಿನ ಯುದ್ಧವು ನಿಜವಾದ ಯುದ್ಧದ ಚಿಕ್ಕ ಪ್ರತಿಯಲ್ಲ. ಅದು ಯುದ್ಧಕ್ಕೆ ಬದಲಾಗಿ ಮನುಷ್ಯ ಕಂಡುಕೊಂಡ ಒಂದು ಒಪ್ಪಂದ. ಯುದ್ಧದಲ್ಲಿ ಹಗೆಗಳು ಎಲ್ಲ ಒಪ್ಪಂದಗಳನ್ನೂ ಮುರಿದುಕೊಂಡ ಮೇಲೆ ಕಾದಾಡುತ್ತಾರೆ; ಚದುರಂಗದಲ್ಲಿ ಎಲ್ಲವನ್ನೂ ಒಪ್ಪಿಕೊಂಡ ಮೇಲೆ ಕಾದಾಡುತ್ತಾರೆ. ಈ ಒಪ್ಪಂದವನ್ನು ಅಕ್ಷರಕ್ಕಿಳಿಸಿ, ಅಪರಿಚಿತರಿಬ್ಬರು ಎದುರುಬದುರು ಕೂರುವಂತೆ ಮಾಡಿದ್ದು ಪಂದ್ಯಾವಳಿ, ಎಂದರೆ ನಾವು ಆಡುಮಾತಿನಲ್ಲಿ ಟೂರ್ನಮೆಂಟು ಎನ್ನುವ ಸಂಸ್ಥೆ. ಅದರ ಕಥೆಯನ್ನು ಕೊಂಚ ಹಿಂಬಾಲಿಸಿ ನೋಡೋಣ.

ಮನೆಯ ಜಗಲಿಯ ಮೇಲೆ ಆಡುವ ಚದುರಂಗಕ್ಕೆ ಬರೆದಿಟ್ಟ ಕಾನೂನು ಬೇಕಿಲ್ಲ. ಅಲ್ಲಿ ಕಾಲಕ್ಕೆ ಲೆಕ್ಕವಿಲ್ಲ. ಒಂದು ನಡೆಗೂ ಇನ್ನೊಂದಕ್ಕೂ ನಡುವೆ ಎಲೆಯಡಿಕೆ ಮುಗಿಯುತ್ತದೆ, ಊರಿನ ವ್ಯಾಜ್ಯಗಳು ತೀರ್ಮಾನವಾಗುತ್ತವೆ. ಸುತ್ತ ನಿಂತವರೆಲ್ಲ ಮಂತ್ರಾಲೋಚನೆಗೆ ಅರ್ಹರು. ಇಟ್ಟ ಕಾಯಿಯನ್ನು ಹಿಂದಕ್ಕೆ ತೆಗೆದುಕೊಂಡರೆ ಗೆಳೆತನ ಕೆಡುವುದಿಲ್ಲ. ಕೆಟ್ಟರೂ ಸಂಜೆಯ ಹೊತ್ತಿಗೆ ಸರಿಹೋಗುತ್ತದೆ. ನಿಯಮಗಳೂ ಊರಿಗೊಂದು ಬಗೆ. ನಮ್ಮ ದೇಶೀ ಪದ್ಧತಿಯಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದಿಡುತ್ತಿತ್ತು. ರಾಜನು ಕೋಟೆ ಕಟ್ಟುವ ಪಾಶ್ಚಾತ್ಯ ಕ್ರಮವಿರಲಿಲ್ಲ, ಬದಲಾಗಿ ಅವನು ಆಟದಲ್ಲೊಮ್ಮೆ ಕುದುರೆಯಂತೆ ಹಾರಬಹುದಾಗಿತ್ತು. ಕೊನೆಯ ಸಾಲು ಮುಟ್ಟಿದ ಕಾಲಾಳು ತನ್ನಿಷ್ಟದ ಪದವಿಯನ್ನಲ್ಲ, ತಾನು ಸೇರಿದ ಮನೆಗೆ ಸಲ್ಲುವ ಪದವಿಯನ್ನು ಪಡೆಯುತ್ತಿತ್ತು. ಹೀಗೆ ಆಡುವುದರಲ್ಲಿ ಒಂದು ಸೊಗಸಿತ್ತು. ಆದರೆ ಧಾರವಾಡದವನೂ ಲಾಹೋರಿನವನೂ, ಇವರಿಬ್ಬರೊಡನೆ ಲಂಡನ್ನಿನವನೂ ಒಂದೇ ಹಾಸಿಗೆ ಬಂದು ಕೂತರೆ ಯಾರ ನಿಯಮ ನಡೆಯಬೇಕು? ಪರಿಚಿತರ ನಡುವೆ ದಾಕ್ಷಿಣ್ಯ ಮಾಡುವ ಕೆಲಸವನ್ನು ಅಪರಿಚಿತರ ನಡುವೆ ಕಾನೂನೇ ಮಾಡಬೇಕು. ಟೂರ್ನಮೆಂಟಿನ ಹುಟ್ಟು ಈ ಅಗತ್ಯದಲ್ಲಿದೆ.

1851ರಲ್ಲಿ ಲಂಡನ್ನಿನಲ್ಲಿ ಲೋಕದ ಕೈಗಾರಿಕೆಗಳ ಮಹಾಪ್ರದರ್ಶನವೊಂದು ಏರ್ಪಟ್ಟಿತು. ದೇಶದೇಶಗಳ ಜನ ಅಲ್ಲಿ ಸೇರುವರೆಂಬುದನ್ನರಿತ ಇಂಗ್ಲೆಂಡಿನ ಆಟಗಾರ ಹೊವರ್ಡ್ ಸ್ಟಾಂಟನ್, ಆ ಸಂದರ್ಭವನ್ನೇ ಹಿಡಿದು ಚದುರಂಗದ ಮೊದಲ ಅಂತರರಾಷ್ಟ್ರೀಯ ಪಂದ್ಯಾವಳಿಯನ್ನು ನಡೆಸಿದ. ಹದಿನಾರು ಮಂದಿ ಆಟಗಾರರು ಸೇರಿದರು. ಗೆದ್ದವನು ಸ್ಟಾಂಟನ್ನನಲ್ಲ, ಬ್ರೆಸ್ಲೌ ನಗರದಿಂದ ಬಂದ ಅಡಾಲ್ಫ್ ಆಂಡರ್ಸನ್ ಎಂಬ ಗಣಿತದ ಉಪಾಧ್ಯಾಯ. ಕರೆದವನೇ ಕರೆಸಿಕೊಂಡವನಿಂದ ಸೋತನು. ಮೇಷ್ಟರೊಬ್ಬರು ಹೋಗಿ ಲೋಕವನ್ನೇ ಗೆದ್ದು ಬಂದರೆಂಬ ಸಂಗತಿ ನಮ್ಮ ಉಪಾಧ್ಯಾಯ ಮಿತ್ರರಿಗೆ ಹಿತವಾಗದೆ ಇರದು!

ಆದರೆ ಆ ಮೊದಲ ಪಂದ್ಯಾವಳಿಯಲ್ಲಿ ಎರಡು ದೊಡ್ಡ ಕೊರತೆಗಳಿದ್ದವು. ಒಂದು, ಆಡುವವನು ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದಾಗಿತ್ತು. ಇಲೈಜ ವಿಲಿಯಮ್ಸ್ ಎಂಬ ಆಟಗಾರನ ನಿಧಾನವು ಆ ಕಾಲದಲ್ಲಿ ಗಾದೆಯಾಗಿತ್ತು. ಮೂರನೆಯ ಸ್ಥಾನಕ್ಕಾಗಿ ಅವನೊಡನೆ ಕುಳಿತ ಸ್ಟಾಂಟನ್ ಸೋತದ್ದಲ್ಲದೆ, ಅವನ ನಿಧಾನವನ್ನು ಶಪಿಸುತ್ತಲೇ ಹೋದನು. ಎದುರಾಳಿಯ ಬುದ್ಧಿಯನ್ನು ಸೋಲಿಸಲಾರದವನು ಅವನ ತಾಳ್ಮೆಯನ್ನು ಸೋಲಿಸಬಹುದೆಂದಾದರೆ ಅದು ಆಟವಾದೀತೆ? ಎರಡನೆಯ ಕೊರತೆ, ಸೋತವನು ಅಲ್ಲಿಗೇ ಹೊರಬೀಳುವ ವ್ಯವಸ್ಥೆ. ಬಲ್ಲವರಿಬ್ಬರು ಮೊದಲ ಸುತ್ತಿನಲ್ಲಿಯೇ ಎದುರಾದರೆ ಒಬ್ಬನು ಗಂಟುಮೂಟೆ ಕಟ್ಟಬೇಕಾಗಿತ್ತು.

ಈ ಎರಡು ಕೊರತೆಗಳನ್ನು ತುಂಬಿದ ಬಗೆಯೇ ಪಂದ್ಯಾವಳಿಯ ಚರಿತ್ರೆ. 1861ರಲ್ಲಿ ಅದೇ ಆಂಡರ್ಸನ್ನನಿಗೂ ಇಗ್ನಾಟ್ಸ್ ಕೋಲಿಶ್ ಎಂಬವನಿಗೂ ನಡೆದ ಪಂದ್ಯದಲ್ಲಿ ಇಬ್ಬರ ಬಳಿಯೂ ಮರಳಿನ ಗಡಿಯಾರಗಳನ್ನಿಟ್ಟರು: ಎರಡು ಗಂಟೆಗಳಲ್ಲಿ ಇಪ್ಪತ್ತನಾಲ್ಕು ನಡೆಗಳು ಮುಗಿಯಬೇಕು. 1883ರ ಲಂಡನ್ ಪಂದ್ಯಾವಳಿಯ ಹೊತ್ತಿಗೆ ಜೋಡಿ ಗಡಿಯಾರವೇ ಬಂದಿತು. ತಕ್ಕಡಿಯಂತೆ ಒಂದೇ ಹಲಗೆಯ ಮೇಲೆ ಕೂರಿಸಿದ ಎರಡು ಗಡಿಯಾರಗಳು. ಒಂದು ನಿಂತರೆ ಇನ್ನೊಂದು ನಡೆಯುತ್ತದೆ. ನನ್ನ ನಡೆಯನ್ನು ಮುಗಿಸಿ ನಾನು ಒತ್ತಿದೊಡನೆ ನನ್ನ ಕಾಲ ನಿಂತು ನಿಮ್ಮ ಕಾಲ ಹರಿಯತೊಡಗುತ್ತದೆ. ಇದೊಂದು ಯಂತ್ರದ ಚಾತುರ್ಯವಷ್ಟೇ ಎಂದು ತಿಳಿಯಬಾರದು. ಸಿರಿವಂತನಿಗೂ ಬಡವನಿಗೂ, ದೊರೆಗೂ ಪ್ರಜೆಗೂ ಕಾಲವನ್ನು ಸಮನಾಗಿ ಹಂಚಿಕೊಟ್ಟ ಕಣ ಲೋಕದಲ್ಲಿ ಇನ್ನೆಷ್ಟಿದೆ? ಬದುಕಿನಲ್ಲಿ ಕೆಲವರು ಹುಟ್ಟುತ್ತಲೇ ಹತ್ತು ನಡೆ ಮುಂದಿರುತ್ತಾರೆ. ಇಲ್ಲಿ ಬಿಳಿಯ ಕಾಯಿಯವನಿಗೆ ಮೊದಲ ನಡೆಯೊಂದು ಹೆಚ್ಚು, ಅಷ್ಟೆ. ಅದನ್ನೂ ಮುಂದಿನ ಆಟದಲ್ಲಿ ಬಣ್ಣ ಬದಲಿಸಿ ಸರಿದೂಗಿಸುತ್ತಾರೆ.

ಸೋತವನನ್ನು ಹೊರಗಟ್ಟುವ ಪದ್ಧತಿಯೂ ಮಾರ್ಪಟ್ಟಿತು. 1862ರ ಲಂಡನ್ ಪಂದ್ಯಾವಳಿಯಲ್ಲಿ ಪ್ರತಿಯೊಬ್ಬನೂ ಮಿಕ್ಕ ಎಲ್ಲರೊಡನೆಯೂ ಆಡಬೇಕೆಂದು ಗೊತ್ತುಮಾಡಿದರು. ಜನ ಹೆಚ್ಚಿದಾಗ ಅದೂ ಸಾಗದು. ನೂರು ಮಂದಿ ಸೇರಿದರೆ ಎಲ್ಲರೂ ಎಲ್ಲರೊಡನೆ ಆಡಿ ಮುಗಿಸುವುದೆಂದಿಗೆ? ಅದಕ್ಕೆ ಪರಿಹಾರವಾಗಿ 1895ರಲ್ಲಿ ಸ್ವಿಟ್ಸರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಒಂದು ಜಾಣ ಕ್ರಮ ಬಳಕೆಗೆ ಬಂದಿತು. ಆ ನಾಡಿನ ಹೆಸರೇ ಅದಕ್ಕೆ ನಿಂತಿತು. ಸ್ವಿಸ್ ಪದ್ಧತಿಯಲ್ಲಿ ಯಾರೂ ಹೊರಬೀಳುವುದಿಲ್ಲ. ಪ್ರತಿ ಸುತ್ತಿನ ಬಳಿಕ ಸಮಾನ ಅಂಕಗಳಿಸಿದವರನ್ನು ಎದುರುಬದುರು ಕೂರಿಸುತ್ತಾರೆ: ಗೆದ್ದವನಿಗೆ ಗೆದ್ದವನು, ಸೋತವನಿಗೆ ಸೋತವನು. ಹೀಗಾಗಿ ನಾಲ್ಕು ಸುತ್ತು ಕಳೆಯುವಷ್ಟರಲ್ಲಿ ಒಬ್ಬೊಬ್ಬನೂ ತನ್ನ ಸಾಟಿಯನ್ನು ತಾನೇ ಹುಡುಕಿಕೊಂಡಂತಾಗುತ್ತದೆ. ಇಂದು ಜಿಲ್ಲಾ ಮಟ್ಟದ ಶಾಲಾ ಪಂದ್ಯಗಳಿಂದ ಹಿಡಿದು ಅಂತರರಾಷ್ಟ್ರೀಯ ಮೇಳಗಳವರೆಗೆ ನಡೆಯುತ್ತಿರುವುದು ಬಹುಮಟ್ಟಿಗೆ ಇದೇ ಕ್ರಮ.

ಅಂಥ ಪಂದ್ಯಗಳ ಸಭಾಂಗಣದಲ್ಲಿ ಪ್ರೇಕ್ಷಕನಾಗಿ ನಾನು ನಿಂತದ್ದುಂಟು. ಅಲ್ಲಿ ನೂರಾರು ಮಂದಿ ಇದ್ದರೂ ಕೇಳುವುದು ಗಡಿಯಾರ ಒತ್ತುವ ಸದ್ದು, ಕುರ್ಚಿಯೊಂದು ಸರಿಯುವ ಸದ್ದು, ಲೇಖನಿಯ ಸರಸರ, ಅಷ್ಟೆ. ಹತ್ತು ವರ್ಷದ ಹುಡುಗಿಯೊಬ್ಬಳು ನಿವೃತ್ತ ಗುಮಾಸ್ತರಂತೆ ತೋರುವ ಹಿರಿಯರೊಬ್ಬರ ಎದುರು ಕುಳಿತಿರುತ್ತಾಳೆ. ಅವಳ ಕಾಲು ನೆಲಕ್ಕೆ ಎಟುಕುವುದಿಲ್ಲ. ಇಬ್ಬರೂ ತಮ್ಮ ತಮ್ಮ ಹಾಳೆಯಲ್ಲಿ ಪ್ರತಿಯೊಂದು ನಡೆಯನ್ನೂ ಬರೆದುಕೊಳ್ಳುತ್ತಾರೆ, ತಮ್ಮದನ್ನೂ ಎದುರಾಳಿಯದನ್ನೂ. ನಿಜವಾದ ಯುದ್ಧದಲ್ಲಿ ಚರಿತ್ರೆಯನ್ನು ಬರೆಯುವವನು ಗೆದ್ದವನು. ಇಲ್ಲಿ ಸೋತವನ ಕೈಯಲ್ಲಿಯೂ ಅದೇ ಚರಿತ್ರೆಯ ಅದೇ ಪ್ರತಿ ಇರುತ್ತದೆ. ಮುಟ್ಟಿದ ಕಾಯಿಯನ್ನು ಆಡಲೇಬೇಕೆಂಬ ನಿಯಮವೊಂದಿದೆ. ಓರೆಯಾದ ಕಾಯಿಯನ್ನು ನೆಟ್ಟಗೆ ಮಾಡುವುದಾದರೂ ಮೊದಲು ಬಾಯಿಬಿಟ್ಟು ಹೇಳಿ ಆಮೇಲೆ ಕೈಯಿಡಬೇಕು. ಕೈ ಮುಂದಾದ ಮೇಲೆ ಮನಸ್ಸು ಹಿಂಜರಿದು ಫಲವಿಲ್ಲವೆಂಬ ಈ ಪಾಠವನ್ನು ನೀತಿಶತಕಗಳು ಎಷ್ಟು ಸಲ ಹೇಳಿದರೂ ನಾಟದು. ಒಂದು ಮಂತ್ರಿಯನ್ನು ಕಳೆದುಕೊಂಡರೆ ಒಮ್ಮೆಗೇ ನಾಟುತ್ತದೆ. ಕೊನೆಗೆ ಸೋಲು ಖಚಿತವೆಂದು ಕಂಡವನು ತಾನೇ ಕೈಚಾಚಿ ಸೋಲನ್ನೊಪ್ಪಿಕೊಳ್ಳುತ್ತಾನೆ. ಬಲ್ಲವರ ಆಟಗಳಲ್ಲಿ ರಾಜನು ನಿಜವಾಗಿ ಸೆರೆಸಿಕ್ಕುವುದು ಬಹಳ ಅಪರೂಪ. ಸೋಲನ್ನು ಮೊದಲು ಕಾಣುವವನು ಸೋತವನೇ. ಆ ಹುಡುಗಿ ಸೋತು ಕೈಕುಲುಕಿ, ತುಟಿ ಕಚ್ಚಿಕೊಂಡು, ಮತ್ತೆ ಅದೇ ಹಿರಿಯರೊಡನೆ ಕುಳಿತು ‘ಎಲ್ಲಿ ತಪ್ಪಿತು’ ಎಂದು ಹುಡುಕತೊಡಗುವುದನ್ನು ಕಂಡವರಿಗೆ ಆಟದ ಮಹಿಮೆಯನ್ನು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಚದುರಂಗದ ತವರಾದ ನಮ್ಮ ನಾಡಿನಲ್ಲಿ ಆಟಕ್ಕೆ ಯಾವ ಸಂಸ್ಕಾರವಿತ್ತು? ಇತ್ತು, ಆದರೆ ಅದರ ಹಾದಿ ಬೇರೆ. ನಮ್ಮವರಿಗೆ ಹಲಗೆಯು ಕಣವಾಗಿದ್ದಷ್ಟೇ ಕಾವ್ಯದ ಹಾಳೆಯೂ ಆಗಿತ್ತು. ಒಂಬತ್ತನೆಯ ಶತಮಾನದ ರುದ್ರಟನು ತನ್ನ ಕಾವ್ಯಾಲಂಕಾರದಲ್ಲಿ ಕುದುರೆಯ ನಡೆಯನ್ನನುಸರಿಸಿ ಅಕ್ಷರಗಳನ್ನು ಓದಿಸುವ ಚಿತ್ರಬಂಧವನ್ನು ತೋರಿಸಿದ್ದಾನೆ. ವೇದಾಂತದೇಶಿಕರ ಪಾದುಕಾಸಹಸ್ರದಲ್ಲಿಯೂ ಈ ತುರಗಗತಿಯಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಪರಂಪರೆಯ ದೊಡ್ಡ ಉತ್ತರಾಧಿಕಾರಿಗಳು. 1831ರಲ್ಲಿ ಆಡಳಿತವು ಇಂಗ್ಲಿಷರ ಕೈಗೆ ಹೋದ ಬಳಿಕ ಅವರ ಚೈತನ್ಯ ವಿದ್ಯೆ ಕಲೆಗಳ ಕಡೆಗೆ ಹರಿಯಿತು. ಅವರ ಹೆಸರಿನ ಶ್ರೀತತ್ತ್ವನಿಧಿಯಲ್ಲಿ ಒಂಬತ್ತು ನಿಧಿಗಳಿವೆ. ಅವುಗಳಲ್ಲಿ ಕೊನೆಯ ಕೌತುಕನಿಧಿಯು ಆಟಗಳಿಗೆ ಮೀಸಲಾದದ್ದು. ಕುದುರೆಯೊಂದು ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಸುತ್ತಿಬರುವ ಬಂಧಗಳಲ್ಲಿ ಅವರ ಪರಿಣತಿಯನ್ನು ಪಾಶ್ಚಾತ್ಯ ವಿದ್ವಾಂಸರೂ ಗುರುತಿಸಿದ್ದಾರೆ. ರಾಜ್ಯದ ಸೇನೆ ಕೈಬಿಟ್ಟುಹೋದ ದೊರೆಯೊಬ್ಬನು ಹಲಗೆಯ ಸೇನೆಯನ್ನು ಹಿಡಿದು ಕುಳಿತ ಚಿತ್ರ ನನ್ನ ಮನಸ್ಸನ್ನು ಅನೇಕ ಸಲ ಕಲಕಿದೆ. ಆದರೆ ಆ ಕುದುರೆಗೆ ಎದುರಾಳಿಯಿರಲಿಲ್ಲ. ಅದು ಒಬ್ಬ ರಸಿಕನು ತನ್ನೊಡನೆ ತಾನೇ ಆಡಿದ ಏಕಾಂತದ ಆಟ. ಪಂದ್ಯಾವಳಿಗೆ ಬೇಕಾದುದು ಇನ್ನೊಬ್ಬನ ಎದುರಿಕೆ.

ಆ ಏಕಾಂತದಿಂದ, ದೇಶೀ ನಿಯಮಗಳ ಜಗಲಿಯಿಂದ ಎದ್ದುಹೋಗಿ ಪಾಶ್ಚಾತ್ಯ ಕಣದ ನಟ್ಟನಡುವೆ ಕುಳಿತ ಮೊದಲ ದೊಡ್ಡ ಭಾರತೀಯ ಆಟಗಾರ ಮೀರ್ ಸುಲ್ತಾನ್ ಖಾನ್. ಅವರು ಪಂಜಾಬಿನ ಹಳ್ಳಿಯವರು. ಎಳವೆಯಲ್ಲಿ ಕಲಿತದ್ದು ನಮ್ಮ ಹಳೆಯ ಪದ್ಧತಿಯ ಚದುರಂಗ. ಜಮೀನುದಾರರಾದ ಸರ್ ಉಮರ್ ಹಯಾತ್ ಖಾನರು ಅವರ ಪ್ರತಿಭೆಯನ್ನು ಕಂಡು ಆಶ್ರಯವಿತ್ತರು. 1929ರಲ್ಲಿ ತಮ್ಮೊಡನೆ ಲಂಡನ್ನಿಗೆ ಕರೆದೊಯ್ದರು. ಅಲ್ಲಿನ ಆಟಗಾರರು ಹುಟ್ಟಿದಂದಿನಿಂದ ಕಾಲಾಳನ್ನು ಎರಡು ಮನೆ ಮುನ್ನಡೆಸಿದವರು. ಆಟದ ಆರಂಭದ ನಡೆಗಳನ್ನು ಕುರಿತು ತಲೆಮಾರುಗಳ ಶಾಸ್ತ್ರಗ್ರಂಥಗಳನ್ನು ಓದಿದವರು. ಸುಲ್ತಾನ್ ಖಾನರಿಗೆ ಆ ಶಾಸ್ತ್ರವೂ ಇಲ್ಲ, ಆ ಭಾಷೆಯ ಸಲಿಗೆಯೂ ಇಲ್ಲ. ಮೇಲೆ ಇಂಗ್ಲೆಂಡಿನ ಚಳಿ, ಮೈಯನ್ನು ಬಿಡದ ಮಲೇರಿಯಾ. ಹೋದ ವರ್ಷವೇ ಅವರು ಬ್ರಿಟಿಷ್ ಚಾಂಪಿಯನ್ನರಾದರು! 1932ರಲ್ಲಿ ಮತ್ತೊಮ್ಮೆ, 1933ರಲ್ಲಿ ಮಗುದೊಮ್ಮೆ. 1930–31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಜಗಜ್ಜೇತನಾಗಿ ಮೆರೆದಿದ್ದ ಕ್ಯೂಬಾ ದೇಶದ ಕಪಾಬ್ಲಾಂಕನನ್ನು ಸೋಲಿಸಿದರು. ಮೂರು ಒಲಿಂಪಿಯಾಡುಗಳಲ್ಲಿ ಇಂಗ್ಲೆಂಡಿನ ತಂಡದ ಮೊದಲ ಹಲಗೆಯಲ್ಲಿ ಕುಳಿತವರು ಪಂಜಾಬಿನ ಈ ಹಳ್ಳಿಗರು.

ಇಲ್ಲಿ ಓದುಗರು ಕೊಂಚ ನಿಂತು ಯೋಚಿಸಬೇಕು. ಹಲಗೆಯ ಒಳಗೆ ಸುಲ್ತಾನ್ ಖಾನರು ಯಾರಿಗೂ ಕಡಿಮೆಯಲ್ಲ. ಗಡಿಯಾರ ಅವರಿಗೂ ಕಪಾಬ್ಲಾಂಕನಿಗೂ ಒಂದೇ ಕಾಲವನ್ನು ಕೊಟ್ಟಿತು. ಹಲಗೆಯ ಹೊರಗೆ? 1933ರ ಫೋಕ್‌ಸ್ಟನ್ ಒಲಿಂಪಿಯಾಡಿನ ಬಳಿಕ ಅಮೆರಿಕದ ತಂಡವನ್ನು ಸರ್ ಉಮರ್ ಹಯಾತರು ಊಟಕ್ಕೆ ಕರೆದರಂತೆ. ಅಂದು ತಮಗೆ ಬಡಿಸಲು ನಿಂತವರು ಸುಲ್ತಾನ್ ಖಾನರೇ ಎಂದು ಆ ತಂಡದ ರೂಬೆನ್ ಫೈನ್ ಮುಂದೆ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಅವರನ್ನು ಸೇವಕನೆಂದು ಕರೆಯುವುದನ್ನು ಅವರ ಮನೆತನದವರು ಒಪ್ಪಿಲ್ಲ. ಆ ವಿವಾದವನ್ನು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆದರೆ ಅವರ ಆಟದ ಬದುಕಿನ ಗಡಿಯಾರವನ್ನು ಒತ್ತುತ್ತಿದ್ದ ಕೈ ಬೇರೆಯವರದಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. 1933ರ ಕೊನೆಯಲ್ಲಿ ಆಶ್ರಯದಾತರು ಹಿಂದಿರುಗಿದಾಗ ಅವರೂ ಹಿಂದಿರುಗಿದರು. ಐದು ವರ್ಷಕ್ಕೂ ಕಡಿಮೆಯ ಕಾಲದಲ್ಲಿ ಅವರ ಅಂತರರಾಷ್ಟ್ರೀಯ ಆಟ ಮುಗಿದುಹೋಯಿತು. 1966ರಲ್ಲಿ ತೀರಿಕೊಂಡರು. ಲೋಕದ ಚದುರಂಗ ಸಂಸ್ಥೆಯಾದ ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದನ್ನು ಕೊಟ್ಟದ್ದು 2024ರಲ್ಲಿ. ಬಿರುದು ಬಂದಾಗ ಪಡೆಯಬೇಕಾದ ಕೈ ಇಲ್ಲವಾಗಿ ಐವತ್ತೆಂಟು ವರ್ಷ ಕಳೆದಿತ್ತು.

ಅದೇ ಉಮರ್ ಹಯಾತರ ಮನೆಯಿಂದ ಬಂದ ಫಾತಿಮಾ ಎಂಬ ತರುಣಿ 1933ರಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್ ಪದವಿಯನ್ನು ಗೆದ್ದಳೆಂಬುದನ್ನು ಬಲ್ಲವರು ಇನ್ನೂ ಕಡಿಮೆ. ಮಹಿಳೆಯರಿಗೆ ಕಣದ ಬಾಗಿಲು ತೆರೆದದ್ದೂ ಸುಲಭವಾಗಿಯಲ್ಲ. 1929ರ ಕಾರ್ಲ್ಸ್‌ಬಾಡ್ ಪಂದ್ಯಾವಳಿಗೆ ವೆರಾ ಮೆಂಚಿಕ್ ಎಂಬಾಕೆಯನ್ನು ಸೇರಿಸಿಕೊಂಡಾಗ, ಆಕೆಗೆ ಸೋತವರನ್ನೆಲ್ಲ ‘ವೆರಾ ಮೆಂಚಿಕ್ ಸಂಘ’ದ ಸದಸ್ಯರನ್ನಾಗಿ ಮಾಡೋಣವೆಂದು ಆಲ್ಬರ್ಟ್ ಬೆಕರ್ ಎಂಬ ಆಟಗಾರ ಹಾಸ್ಯ ಮಾಡಿದ. ಆ ಸಂಘದ ಮೊದಲ ಸದಸ್ಯತ್ವ ಅವನ ಪಾಲಿಗೇ ಬಂದಿತು! ಮುಂದೆ ಆ ಪಟ್ಟಿ ಬೆಳೆಯಿತು. ನಮ್ಮ ಸುಲ್ತಾನ್ ಖಾನರೂ ಅದರಲ್ಲಿ ಸೇರಿದರು. ನಿಯಮವು ಎಲ್ಲರಿಗೂ ಒಂದೇ ಎಂದ ಮೇಲೆ ನಗೆಯ ಸರದಿಯೂ ಎಲ್ಲರಿಗೆ ಬರುತ್ತದೆ. ಸಮಾನತೆಯು ಹಲಗೆಯ ಮೇಲೆ ಸಿದ್ಧವಾಗಿಯೇ ಇತ್ತು. ಕಷ್ಟವಿದ್ದದ್ದು ಹಲಗೆಯ ಮುಂದಿನ ಕುರ್ಚಿಯವರೆಗೆ ಬರುವ ದಾರಿಯಲ್ಲಿ.

ಈ ಆಟಕ್ಕೂ ನಿಜವಾದ ಯುದ್ಧಕ್ಕೂ ಇರುವ ನಂಟನ್ನು ಸಾಧಿಸಬಯಸಿದವರೂ ಉಂಟು. 1824ರಲ್ಲಿ ಪ್ರಷ್ಯದ ರೈಸ್‌ವಿಟ್ಸ್ ಎಂಬ ಕಿರಿಯ ಸೈನ್ಯಾಧಿಕಾರಿ, ತನ್ನ ತಂದೆ ಆರಂಭಿಸಿದ್ದ ಯುದ್ಧದಾಟವೊಂದನ್ನು ತಿದ್ದಿ ಸೇನೆಯ ಮುಖ್ಯರ ಮುಂದಿಟ್ಟ. ಚೌಕದ ಮನೆಗಳ ಬದಲು ನಿಜವಾದ ಭೂಪಟ. ಆನೆ ಕುದುರೆಗಳ ಬದಲು ಪಡೆಗಳ ಗುರುತು. ಗುಂಡೇಟಿನ ಫಲವನ್ನು ಗೊತ್ತುಮಾಡಲು ದಾಳ. ಸೇನೆಯವರು ಅದನ್ನು ಮೆಚ್ಚಿ ಅಧಿಕಾರಿಗಳ ಶಿಕ್ಷಣಕ್ಕೆ ಬಳಸಿಕೊಂಡರು. ಯುದ್ಧಕ್ಕೆ ಹತ್ತಿರವಾದಷ್ಟೂ ಆ ಆಟಕ್ಕೆ ಮಧ್ಯಸ್ಥನ ಅಧಿಕಾರ ಹೆಚ್ಚು ಬೇಕಾಯಿತು, ಅದೃಷ್ಟದ ಪಾಲೂ ಹೆಚ್ಚಿತು. ಚದುರಂಗವಾದರೋ ಯುದ್ಧದಿಂದ ದೂರ ಸರಿದಷ್ಟೂ ಶುದ್ಧವಾಯಿತು. ಇಲ್ಲಿ ಮರೆಯಲ್ಲಿ ಅವಿತ ಪಡೆಯಿಲ್ಲ, ದಾಳವಿಲ್ಲ. ಎದುರಾಳಿಗೆ ಕಾಣದ್ದು ನನಗೂ ಕಾಣದು. ಇರುವ ಗುಟ್ಟೊಂದೇ: ನನ್ನ ಮನಸ್ಸಿನ ಮುಂದಿನ ನಡೆ.

ಆ ಎರಡು ಲೋಕಗಳು ಒಂದಕ್ಕೊಂದು ಡಿಕ್ಕಿ ಹೊಡೆದ ದಿನವೂ ಚರಿತ್ರೆಯಲ್ಲಿದೆ. 1939ರ ಆಗಸ್ಟಿನಲ್ಲಿ ಅರ್ಜೆಂಟೀನದ ಬ್ವೇನಸ್ ಐರಿಸ್ ನಗರದಲ್ಲಿ ಚದುರಂಗದ ಒಲಿಂಪಿಯಾಡ್ ಆರಂಭವಾಯಿತು. ಇಪ್ಪತ್ತೇಳು ದೇಶಗಳ ತಂಡಗಳು ಬಂದಿದ್ದವು. ಆಟಗಳು ನಡೆಯುತ್ತಿರುವಾಗಲೇ, ಸೆಪ್ಟೆಂಬರ್ 1ರಂದು, ಜರ್ಮನಿಯ ಸೇನೆ ಪೋಲೆಂಡಿನೊಳಕ್ಕೆ ನುಗ್ಗಿತು. ಎರಡು ದೇಶಗಳ ತಂಡಗಳೂ ಅದೇ ಸಭಾಂಗಣದಲ್ಲಿದ್ದವು! ಇಂಗ್ಲೆಂಡಿನ ತಂಡವು ಅಂತಿಮ ಗುಂಪಿಗೆ ಏರಿದ್ದರೂ ಕಣವನ್ನು ಬಿಟ್ಟಿತು. ಆ ತಂಡದ ಅಲೆಗ್ಸಾಂಡರ್, ಮಿಲ್ನರ್ ಬ್ಯಾರಿ, ಗೊಲೊಂಬೆಕ್ ಮುಂದೆ ಬ್ಲೆಚ್ಲಿ ಪಾರ್ಕಿನಲ್ಲಿ ಕುಳಿತು ಶತ್ರುವಿನ ಗುಪ್ತಲಿಪಿಗಳನ್ನು ಬಿಡಿಸಿದರು. ಜರ್ಮನಿಗೂ ಪೋಲೆಂಡಿಗೂ ನಡೆಯಬೇಕಾಗಿದ್ದ ಪಂದ್ಯವನ್ನು ಆಡದೆಯೇ ಎರಡು–ಎರಡು ಅಂಕಗಳೆಂದು ಸಮವಾಗಿ ಹಂಚಿದರು. ಕೊನೆಗೆ ಜರ್ಮನಿ ಮೊದಲನೆಯದಾಯಿತು. ಪೋಲೆಂಡ್ ಅರ್ಧ ಅಂಕದಿಂದ ಎರಡನೆಯದಾಯಿತು.

ಆಡದೆ ಉಳಿದ ಆ ಪಂದ್ಯವು ನನಗೆ ಆಡಿದ ಅನೇಕ ಪಂದ್ಯಗಳಿಗಿಂತ ಹೆಚ್ಚಿನದನ್ನು ಹೇಳುತ್ತದೆ. ಯುದ್ಧದ ಹೆಸರು ಹೊತ್ತ ಆಟವು ಯುದ್ಧದ ದಿನ ನಡೆಯಲಾರದೆ ಹೋಯಿತು. ಏಕೆ? ಆಟಕ್ಕೆ ಬೇಕಾದುದು ಹಗೆತನವಲ್ಲ. ಎದುರು ಕುಳಿತವನು ಕಾಯಿಯನ್ನು ಮುಟ್ಟಿದರೆ ಆಡುತ್ತಾನೆ, ಸೋತರೆ ಕೈಚಾಚುತ್ತಾನೆ ಎಂಬ ನಂಬಿಕೆ. ಆ ನಂಬಿಕೆ ನೆಲದ ಮೇಲೆ ಸುಟ್ಟುಹೋದಾಗ ಹಲಗೆಯ ಮೇಲೆ ಮಾತ್ರ ಉಳಿದೀತೆ? ಪೋಲೆಂಡಿನ ತಂಡದ ಮಿಗ್ವೆಲ್ ನಾಯ್ಡೋರ್ಫ್ ಎಂಬ ಯೆಹೂದಿ ಆಟಗಾರ ಊರಿಗೆ ಮರಳಲಿಲ್ಲ, ಅರ್ಜೆಂಟೀನದಲ್ಲಿಯೇ ನಿಂತ. ಅವನ ಮನೆಯವರು ನಾಜಿಗಳ ಕೈಯಲ್ಲಿ ನಾಶವಾದರು. 1947ರಲ್ಲಿ ಬ್ರೆಜಿಲಿನ ಸಾವೊ ಪಾವ್ಲೊ ನಗರದಲ್ಲಿ ಅವನು ಹಲಗೆಯನ್ನು ನೋಡದೆ ಏಕಕಾಲದಲ್ಲಿ ನಲವತ್ತೈದು ಮಂದಿಯೊಡನೆ ಆಡಿದ. ಆ ಸುದ್ದಿ ಪತ್ರಿಕೆಗಳಲ್ಲಿ ಹರಡಿ, ಎಲ್ಲಿಯಾದರೂ ಬದುಕಿ ಉಳಿದಿರಬಹುದಾದ ತನ್ನವರ ಕಣ್ಣಿಗೆ ಬಿದ್ದೀತೆಂಬುದು ಇಂಥ ಪ್ರದರ್ಶನಗಳ ಹಿಂದಿನ ಆಸೆಯಾಗಿತ್ತೆಂದು ಅವನು ಹೇಳಿಕೊಂಡಿದ್ದಾನೆ. ಉತ್ತರ ಬರಲಿಲ್ಲ. ವೆರಾ ಮೆಂಚಿಕ್ ಕೂಡ 1944ರಲ್ಲಿ, ಲಂಡನ್ನಿನ ತನ್ನ ಮನೆಯ ಮೇಲೆ ಬಿದ್ದ ಜರ್ಮನ್ ಹಾರುಬಾಂಬಿಗೆ ತಾಯಿ ತಂಗಿಯರೊಡನೆ ಬಲಿಯಾದಳು. ಹಲಗೆಯ ಮೇಲೆ ಯಾವ ಪುರುಷಸಿಂಹಕ್ಕೂ ಅಂಜದ ಮಹಿಳೆ ನಿಯಮವಿಲ್ಲದ ಆಟಕ್ಕೆ ಆಹುತಿಯಾದಳು.

ಇಷ್ಟು ಹೇಳಿದ ಮಾತ್ರಕ್ಕೆ ಪಂದ್ಯಾವಳಿಯೇ ಸರ್ವಗುಣಸಂಪನ್ನವೆಂದಲ್ಲ. ಅದು ಊರೂರಿನ ನಿಯಮಗಳ ವೈವಿಧ್ಯವನ್ನು ಅಳಿಸಿಹಾಕಿತು. ದೇಶೀ ಚದುರಂಗವನ್ನು ಬಲ್ಲವರು ಇಂದು ವಿರಳ. ಬಿರುದು, ಶ್ರೇಯಾಂಕ, ಬಹುಮಾನಗಳ ಹಿಂದೆ ಎಳೆಯ ಮಕ್ಕಳನ್ನು ಅಟ್ಟುವ ಹೆತ್ತವರನ್ನೂ ಸಭಾಂಗಣದ ಬಾಗಿಲಲ್ಲಿ ನಾನು ಕಂಡಿದ್ದೇನೆ. 1997ರಲ್ಲಿ ಕಾಸ್ಪರೋವನನ್ನು ಡೀಪ್ ಬ್ಲೂ ಎಂಬ ಗಣಕಯಂತ್ರ ಸೋಲಿಸಿದ ಮೇಲಂತೂ ಒಪ್ಪಂದಕ್ಕೇ ಹೊಸ ಪರೀಕ್ಷೆ ಬಂದಿದೆ. ಹಿಂದೆ ಆಟ ಮುಗಿಯದಿದ್ದರೆ ಮುಂದಿನ ನಡೆಯನ್ನು ಲಕೋಟೆಯಲ್ಲಿ ಮುಚ್ಚಿಟ್ಟು ಮರುದಿನ ಮುಂದುವರಿಸುತ್ತಿದ್ದರು. ರಾತ್ರಿಯೆಲ್ಲ ಯಂತ್ರವನ್ನು ಕೇಳಿ ಬರಬಹುದಾದ ಕಾಲದಲ್ಲಿ ಆ ಪದ್ಧತಿ ನಿಂತುಹೋಯಿತು. ದೊಡ್ಡ ಪಂದ್ಯಗಳಲ್ಲಿ ಆಟಗಾರರ ಜೇಬು ತಡವಿ ಒಳಬಿಡುವುದು ವಾಡಿಕೆಯಾಗಿದೆ. ಆದರೂ ಜನ ಆಡುವುದನ್ನು ಬಿಟ್ಟಿಲ್ಲವೆಂಬುದೇ ಸಮಾಧಾನದ ಸಂಗತಿ. ಕುದುರೆ ಮನುಷ್ಯನಿಗಿಂತ ವೇಗವಾಗಿ ಓಡುತ್ತದೆಂದು ನಾವೇನು ಓಟದ ಪಂದ್ಯಗಳನ್ನು ನಿಲ್ಲಿಸಿದೆವೆ?

ಸುಲ್ತಾನ್ ಖಾನರು ಒಂಟಿಯಾಗಿ ನಡೆದ ದಾರಿ ಈಗ ಹೆದ್ದಾರಿಯಾಗಿದೆ. 1961ರಲ್ಲಿ ಮ್ಯಾನುಯೆಲ್ ಆರನ್ ಭಾರತದ ಮೊದಲ ಅಂತರರಾಷ್ಟ್ರೀಯ ಮಾಸ್ಟರ್ ಆದರು. 1988ರಲ್ಲಿ ವಿಶ್ವನಾಥನ್ ಆನಂದ್ ಮೊದಲ ಗ್ರ್ಯಾಂಡ್‌ಮಾಸ್ಟರ್ ಆಗಿ, ಮುಂದೆ ಜಗತ್ತನ್ನೇ ಗೆದ್ದರು. ಮುಮ್ಮಡಿಯವರು ಕುದುರೆಯನ್ನು ಏಕಾಂಗಿಯಾಗಿ ಸುತ್ತಾಡಿಸಿದ ಮೈಸೂರಿನಿಂದಲೇ ಎಂ. ಎಸ್. ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎನಿಸಿಕೊಂಡರು. 2024ರಲ್ಲಿ ಬುಡಾಪೆಸ್ಟಿನ ಒಲಿಂಪಿಯಾಡಿನಲ್ಲಿ ಭಾರತದ ಎರಡು ತಂಡಗಳೂ ಚಿನ್ನ ಗೆದ್ದವು. ಈಗ ಕುರ್ಚಿಯವರೆಗಿನ ದಾರಿಗೆ ಯಾವ ಜಮೀನುದಾರರ ಆಶ್ರಯವೂ ಬೇಕಿಲ್ಲ. ಹಣದ ಅಡ್ಡಿ ಇನ್ನೂ ಇದೆ, ದೂರದ ಊರುಗಳ ಅಡ್ಡಿ ಇದೆ. ಅವುಗಳನ್ನು ತೆಗೆಯುವುದು ಶಾಲೆಗಳ ಕೆಲಸ, ನಮ್ಮ ಕೆಲಸ. ಪ್ರತಿಯೊಂದು ಶಾಲೆಯಲ್ಲಿಯೂ ನಾಲ್ಕು ಹಾಸುಗಳೂ ಎರಡು ಗಡಿಯಾರಗಳೂ ಇದ್ದರೆ ಎಷ್ಟು ಖರ್ಚಾದೀತು?

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಹದಿನೆಂಟು ವರ್ಷದ ಗುಕೇಶ್, ಚೀನದ ಡಿಂಗ್ ಲಿರೆನ್ನರನ್ನು ಹದಿನಾಲ್ಕನೆಯ ಆಟದಲ್ಲಿ ಸೋಲಿಸಿ ಲೋಕದ ಚಾಂಪಿಯನ್ನರಾದರು. ಡಿಂಗ್ ತಮ್ಮ ಆನೆಯನ್ನು ಸಲ್ಲದ ಮನೆಗೆ ನಡೆಸಿದರು. ದೊಡ್ಡ ಕಾಯಿಗಳೆಲ್ಲ ಕಳೆದು, ಕೊನೆಗೆ ಗೆಲುವನ್ನು ತಂದುಕೊಡಲು ಉಳಿದದ್ದು ಒಂದು ಹೆಚ್ಚಿನ ಕಾಲಾಳು. ಡಿಂಗ್ ಕೈಚಾಚಿದರು, ಸಹಿ ಹಾಕಿದರು, ಎದ್ದರು. ಗೆದ್ದ ಹುಡುಗನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆದರೂ ಅವರು ಎದ್ದು ಓಡಲಿಲ್ಲ. ತಮ್ಮ ರೂಢಿಯಂತೆ, ಉರುಳಿದ, ಕಡಿದು ಹೊರಗಿಟ್ಟ ಕಾಯಿಗಳನ್ನು ಒಂದೊಂದಾಗಿ ಎತ್ತಿ ಮೊದಲಿನ ಮನೆಗಳಲ್ಲಿ ಜೋಡಿಸಿದರು, ತಮ್ಮವನ್ನೂ ಎದುರಾಳಿಯವನ್ನೂ. ಬಿಳಿಯ ಸೇನೆ ಇತ್ತ, ಕಪ್ಪು ಸೇನೆ ಅತ್ತ. ಮೂವತ್ತೆರಡು ಕಾಯಿಗಳಲ್ಲಿ ಒಂದೂ ಕಡಿಮೆಯಾಗಿರಲಿಲ್ಲ. ಮಡಿದವರೆಲ್ಲ ಮರಳಿ ತಮ್ಮ ಮನೆಗೆ ಬಂದು ನಿಲ್ಲುವ ಯುದ್ಧ ಇದೊಂದೇ.